ಒಲೆಗೋ ಹೊಲಕ್ಕೋ: ಪ್ರೌಢಶಾಲಾ ಕೃಷಿವಿಜ್ಞಾನದಲ್ಲಿ ಜೈವಿಕ ಅನಿಲದ ಪಾಠ

ವಾರಾಣಸಿಯ ಸುತ್ತಣ ಹಳ್ಳಿಗಳಲ್ಲಿ ‘ಉಪಲಾ’ ಅಥವಾ ‘ಗೋಯಿಠಾ’ ಎನಿಸಿಕೊಳ್ಳುವ ಸಗಣಿಯ ತಟ್ಟನ್ನು ದಕ್ಷಿಣ ಕರ್ನಾಟಕದವರು ಬೆರಣಿಯೆಂದೂ ಉತ್ತರ ಕರ್ನಾಟಕದವರು ಕುಳ್ಳೆಂದೂ ಕರೆಯುತ್ತಾರೆ. ಹೆಸರು ಬೇರೆಯಾದರೂ ಪ್ರಶ್ನೆ ಒಂದೇ: ಸಗಣಿ ಒಲೆಗೆ ಸಲ್ಲಬೇಕೋ, ಹೊಲಕ್ಕೋ? ಕೃಷಿವಿಜ್ಞಾನ ಮತ್ತು ನವೀಕರಿಸಬಹುದಾದ ಶಕ್ತಿ ಎಂಬೆರಡು ವಿಷಯಗಳು ಪ್ರೌಢಶಾಲಾ ವಿದ್ಯಾರ್ಥಿಗೆ ಒಂದೆಡೆ ಕೂಡುವುದು ಈ ಪ್ರಶ್ನೆಯಲ್ಲಿಯೇ.

ಬೆರಣಿಯನ್ನು ಉರಿಸಿದಾಗ ಅದರಲ್ಲಿನ ಸಾರಜನಕವು ಬಹುಮಟ್ಟಿಗೆ ಹೊಗೆಯೊಡನೆ ಹೋಗುತ್ತದೆ. ಬೂದಿಯಲ್ಲಿ ರಂಜಕ, ಪೊಟ್ಯಾಷ್‌ಗಳಷ್ಟೇ ಉಳಿಯುತ್ತವೆ. ಅದೇ ಸಗಣಿಯನ್ನು ನೀರಿನಲ್ಲಿ ಕದಡಿ ಗಾಳಿಯಾಡದ ತೊಟ್ಟಿಗೆ ತುಂಬಿದರೆ ಸೂಕ್ಷ್ಮಜೀವಿಗಳ ಕ್ರಿಯೆಯಿಂದ ಸುಮಾರು ಶೇ. 60ರಷ್ಟು ಮೀಥೇನ್ ಇರುವ ಅನಿಲ ಹುಟ್ಟುತ್ತದೆ. ಹೊರಬರುವ ಬಗ್ಗಡದಲ್ಲಿ ಸಾರಜನಕವು ಹೆಚ್ಚಿನಂಶ ಉಳಿದಿರುತ್ತದೆ. ಈ ಕ್ರಿಯೆಗೆ ಸುಮಾರು 35 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಅನುಕೂಲವಾದುದರಿಂದ ವಾರಾಣಸಿಯ ಚಳಿಗಾಲದಲ್ಲಿ ಉತ್ಪತ್ತಿ ಕುಗ್ಗುತ್ತದೆ.

ಕರ್ನಾಟಕದ ಅನುಭವವು ಇಲ್ಲಿ ಗಮನಾರ್ಹ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಎ.ಕೆ.ಎನ್. ರೆಡ್ಡಿಯವರ ಮುಂದಾಳುತನದಲ್ಲಿ ರೂಪುಗೊಂಡ ‘ಅಸ್ತ್ರ’ ಘಟಕವು ಕುಣಿಗಲ್ ತಾಲ್ಲೂಕಿನ ಪುರ ಗ್ರಾಮದಲ್ಲಿ ಸಮುದಾಯ ಅನಿಲ ಸ್ಥಾವರವನ್ನು ಕಟ್ಟಿತು. ಊರಿನ ಸಗಣಿಯು ಎಲ್ಲ ಮನೆಗಳ ಅಡುಗೆಗೆ ಸಾಲದಾಯಿತು. ಆಗ ಗುರಿಯನ್ನೇ ಬದಲಿಸಿ, 1987ರಿಂದ ಅನಿಲವನ್ನು ಡೀಸೆಲ್ ಎಂಜಿನ್ನಿಗೆ ಕೂಡಿಸಿ, ಕೊಳವೆಬಾವಿಯ ನೀರನ್ನೂ ಮನೆಗಳಿಗೆ ದೀಪವನ್ನೂ ಒದಗಿಸಲಾಯಿತು. ಸಗಣಿ ತಂದವರಿಗೆ ತಕ್ಕ ಹಣವೂ ಬಗ್ಗಡವೂ ಮರಳಿ ದೊರೆಯುತ್ತಿದ್ದವು. ಗೊಬ್ಬರ ಕೈತಪ್ಪದೆಂಬ ಭರವಸೆಯಿಲ್ಲದೆ ರೈತನು ಇಂತಹ ಯೋಜನೆಗೆ ಒಪ್ಪಲಾರನೆಂಬುದು ಇದರಿಂದ ತಿಳಿಯುತ್ತದೆ.

ವಾರಾಣಸಿಯಲ್ಲಿ ಈ ವಿದ್ಯೆಗೆ ನೆಲೆಯಿಲ್ಲದಿಲ್ಲ. ಕಾಶಿ ಹಿಂದೂ ವಿಶ್ವವಿದ್ಯಾಲಯದಲ್ಲಿ ಕೃಷಿ ಸಂಶೋಧನೆ 1931ರಷ್ಟು ಹಳೆಯದು. ರಾಮನಗರದ ಹಾಲು ಉತ್ಪಾದಕರ ಸಹಕಾರಿ ಘಟಕಕ್ಕಾಗಿ ಜೈವಿಕ ಅನಿಲದ ವಿದ್ಯುತ್ ಸ್ಥಾವರಕ್ಕೆ 2021ರ ಡಿಸೆಂಬರ್ 23ರಂದು ಶಂಕುಸ್ಥಾಪನೆಯಾಯಿತು. ಆದರೆ ಎನ್‌ಸಿಇಆರ್‌ಟಿಯ ಹತ್ತನೆಯ ತರಗತಿಯ ವಿಜ್ಞಾನ ಪಠ್ಯದಿಂದ ಶಕ್ತಿಯ ಆಕರಗಳನ್ನು ಕುರಿತ ಅಧ್ಯಾಯವು 2023ರ ಮುದ್ರಣದಲ್ಲಿ ಬಿಟ್ಟುಹೋಗಿದೆ. ಹತ್ತನೆಯ ತರಗತಿಯ ಬಳಿಕ ವಿಜ್ಞಾನವನ್ನು ಬಿಡುವ ರೈತರ ಮಕ್ಕಳಿಗೆ ಈ ನಷ್ಟ ಮರಳಿ ತುಂಬುವಂಥದಲ್ಲ.

ಈ ಕೊರತೆಯನ್ನು ಶಾಲೆಯ ಕೈತೋಟವು ಕೆಲಮಟ್ಟಿಗೆ ನೀಗಿಸಬಲ್ಲುದು. ಒಂದು ಮಡಿಗೆ ಬೆರಣಿಯ ಬೂದಿ, ಪಕ್ಕದ ಮಡಿಗೆ ಬಗ್ಗಡ, ಎರಡಕ್ಕೂ ಒಂದೇ ಸೊಪ್ಪಿನ ಬೀಜ. ಎಲೆಯ ಬಣ್ಣ, ಬೆಳವಣಿಗೆಗಳನ್ನು ವಾರವಾರವೂ ಬರೆದಿಡುವ ವಿದ್ಯಾರ್ಥಿಗೆ ಸಾರಜನಕದ ಪಾಠವೂ ಶಕ್ತಿಯ ಪಾಠವೂ ಒಟ್ಟಿಗೆ ದಕ್ಕುತ್ತವೆ.