ಒಟ್ಟಿಗೆ ತಲುಪಿದವರೇ ಒಟ್ಟಿಗೆ ತಂಗಬಲ್ಲರು



ಪ್ರತಿ ವರ್ಷ ಆಗಸ್ಟ್ 29ರಂದು ವೇಲಾಂಕಣಿಯ ಆರೋಗ್ಯ ಮಾತೆಯ ಪುಣ್ಯಕ್ಷೇತ್ರದಲ್ಲಿ ಧ್ವಜಾರೋಹಣವಾಗುತ್ತದೆ. ಸೆಪ್ಟೆಂಬರ್ 8ರಂದು, ಮಾತೆ ಮರಿಯಮ್ಮನವರ ಜನನೋತ್ಸವದ ದಿನ, ಹಬ್ಬವು ತನ್ನ ಶಿಖರವನ್ನು ಮುಟ್ಟುತ್ತದೆ. ಈ ದಿನಗಳಲ್ಲಿ ನಮ್ಮ ಕರ್ನಾಟಕದ ಧರ್ಮಕೇಂದ್ರಗಳಿಂದಲೂ ಬಸ್ಸು, ವ್ಯಾನು, ಕಾರುಗಳಲ್ಲಿ ಕುಟುಂಬಗಳು ಹೊರಡುತ್ತವೆ. ಹೊರಡುವಾಗ ಎಲ್ಲರ ಬಾಯಲ್ಲೂ ಒಂದೇ ಮಾತು: "ಅಲ್ಲಿ ಎಲ್ಲರೂ ಒಂದೇ ಕಡೆ ಇರೋಣ."

ಆದರೆ ತಲುಪಿದ ಮೇಲೆ ಆಗುವುದೇನು? ಒಂದು ವ್ಯಾನು ಒಂದು ಬಯಲಿನಲ್ಲಿ, ಇನ್ನೊಂದು ಅರ್ಧ ಮೈಲಿ ಆಚೆ. ಅಕ್ಕಿ ಮೂಟೆ ಒಂದರಲ್ಲಿ, ಪಾತ್ರೆಗಳು ಇನ್ನೊಂದರಲ್ಲಿ, ಅಜ್ಜಿಯ ಮಾತ್ರೆಗಳ ಚೀಲ ಮೂರನೆಯದರಲ್ಲಿ. ಜನಸಂದಣಿಯಲ್ಲಿ ಫೋನು ಸಿಗುವುದಿಲ್ಲ. ಹರಕೆ ಹೊತ್ತು ಬಂದವರ ಮೊದಲ ರಾತ್ರಿ ಒಬ್ಬರನ್ನೊಬ್ಬರು ಹುಡುಕುವುದರಲ್ಲೇ ಕಳೆದುಹೋಗುತ್ತದೆ. ವೇಲಾಂಕಣಿ ಇರಲಿ, ಹರಿಹರದ ಆರೋಗ್ಯ ಮಾತೆಯ ಹಬ್ಬವಿರಲಿ, ಕಾರ್ಕಳದ ಅತ್ತೂರಿನ ಸಂತ ಲಾರೆನ್ಸರ ಹಬ್ಬವಿರಲಿ, ದೊಡ್ಡ ಹಬ್ಬಕ್ಕೆ ಗುಂಪಾಗಿ ಹೋಗುವವರಿಗೆಲ್ಲ ಈ ಕಷ್ಟ ಕಟ್ಟಿಟ್ಟದ್ದು. ಇದು ಬರಿಯ ವಾಹನ ನಿಲ್ಲಿಸುವ, ಚಾಪೆ ಹಾಸುವ ವಿಷಯವೆಂದು ನಮಗೆ ತೋರಬಹುದು. ಪವಿತ್ರ ಗ್ರಂಥ ಹಾಗೆಂದು ಭಾವಿಸಿಲ್ಲ.

ಜೊತೆಯಲ್ಲಿದ್ದಾನೆ ಎಂಬ ಭಾವನೆ

ಸಂತ ಲೂಕರ ಶುಭಸಂದೇಶದ ಎರಡನೆಯ ಅಧ್ಯಾಯ ನಮಗೆಲ್ಲ ಗೊತ್ತಿರುವುದೇ. ಮರಿಯಮ್ಮನವರೂ ಜೋಸೆಫರೂ ಪ್ರತಿ ವರ್ಷ ಪಾಸ್ಕಹಬ್ಬಕ್ಕೆ ಜೆರುಸಲೇಮಿಗೆ ಹೋಗುತ್ತಿದ್ದರು. ನಜರೇತಿನಿಂದ ಅಲ್ಲಿಗೆ 100 ಕಿಲೋಮೀಟರಿಗೂ ಮೀರಿದ ದಾರಿ. ಕಾಲ್ನಡಿಗೆಯಲ್ಲಿ ಹಲವು ದಿನಗಳ ಪಯಣ. ಊರವರು, ಬಂಧುಬಳಗದವರು ಒಂದು ತಂಡವಾಗಿ ಹೊರಟು, ರಾತ್ರಿಗಳನ್ನು ಒಟ್ಟಿಗೆ ಕಳೆಯುತ್ತಿದ್ದರು. ಯೇಸುವಿಗೆ 12 ವರ್ಷವಾದಾಗ, ಹಬ್ಬ ಮುಗಿಸಿ ಹಿಂದಿರುಗುವ ದಾರಿಯಲ್ಲಿ ಇಡೀ ಒಂದು ದಿನದ ಪಯಣವಾದ ಮೇಲಷ್ಟೇ ಬಾಲಕ ಜೊತೆಯಲ್ಲಿಲ್ಲವೆಂದು ತಿಳಿಯಿತು. ಮೂರು ದಿನಗಳಾದ ಮೇಲೆ ಮಹಾದೇವಾಲಯದಲ್ಲಿ ಸಿಕ್ಕಿದರು.

ಇಲ್ಲಿ ಪ್ರೀತಿಗೆ ಕೊರತೆಯಿರಲಿಲ್ಲ. ಲೋಕದಲ್ಲೇ ಅತಿ ಪವಿತ್ರವಾದ ಕುಟುಂಬವದು. ಆದರೆ ಯಾತ್ರೆಯ ಗುಂಪಿನಲ್ಲಿ ಒಂದು ವಿಚಿತ್ರವಿದೆ: ಗುಂಪು ದೊಡ್ಡದಾದಷ್ಟೂ "ಯಾರ ಜೊತೆಗಾದರೂ ಇರುತ್ತಾನೆ ಬಿಡು" ಎಂಬ ಧೈರ್ಯ ಬೆಳೆಯುತ್ತದೆ. ಎಲ್ಲರೂ ನೋಡಿಕೊಳ್ಳುತ್ತಾರೆ ಎಂದುಕೊಂಡ ಮಗುವನ್ನು ಯಾರೂ ನೋಡಿಕೊಂಡಿರುವುದಿಲ್ಲ. ಅಂಥ ಪವಿತ್ರ ಕುಟುಂಬಕ್ಕೇ ಹೀಗಾಗಿದ್ದರೆ ನಮಗೂ ಆಗಬಹುದು ಎಂದು ತಿಳಿದು ಮುಂದಾಗಿ ಸಿದ್ಧವಾಗುವುದೇ ವಿವೇಕ.

ಬಯಲು ತುಂಬುವ ಬಗೆ

ಒಟ್ಟಿಗೆ ಇರಬೇಕೆಂದವರು ಯಾಕೆ ಚದುರಿಹೋಗುತ್ತಾರೆ? ಇದಕ್ಕೆ ಕಾರಣ ಸರಳ. ದೊಡ್ಡ ಹಬ್ಬಗಳಲ್ಲಿ ವಾಹನಗಳನ್ನು ಸಾಮಾನ್ಯವಾಗಿ ಊರ ಹೊರಗಿನ ಬಯಲುಗಳಿಗೆ ತಿರುಗಿಸುತ್ತಾರೆ. ಅಲ್ಲಿ ನಿಂತ ಪೊಲೀಸರಾಗಲಿ ಸ್ವಯಂಸೇವಕರಾಗಲಿ ಬಂದ ವಾಹನವನ್ನು ಬಂದ ಸರದಿಯಂತೆ ಸಾಲಿನಲ್ಲಿ ನಿಲ್ಲಿಸುತ್ತಾ ಹೋಗುತ್ತಾರೆ. ಒಂದು ಸಾಲು ತುಂಬಿದರೆ ಮುಂದಿನದು, ಒಂದು ಬಯಲು ತುಂಬಿದರೆ ಇನ್ನೊಂದು. ಆದ್ದರಿಂದ ಅರ್ಧ ಗಂಟೆ ತಡವಾಗಿ ಬಂದ ವ್ಯಾನು ಅರ್ಧ ಗಂಟೆಯಷ್ಟೇ ದೂರದಲ್ಲಿ ನಿಲ್ಲುವುದಿಲ್ಲ. ಬೇರೆ ಬಯಲಿಗೇ ಹೋಗಿಬಿಡುತ್ತದೆ. "ಹಿಂದೆ ನಮ್ಮವರು ಬರುತ್ತಿದ್ದಾರೆ, ಜಾಗ ಬಿಡಿ" ಎಂದು ನಾವು ಬಾಗಿಲಲ್ಲಿ ನಿಂತರೆ ನಮ್ಮ ಹಿಂದಿನ ನೂರು ವಾಹನಗಳೂ ನಿಲ್ಲುತ್ತವೆ. ಅವುಗಳಲ್ಲಿ ಕಾಯಿಲೆಯವರನ್ನು ಹೊತ್ತ ವಾಹನವೂ ಇರಬಹುದು.

ಹಾಗಾದರೆ ಉಪಾಯವೇನು? ಒಟ್ಟಿಗೆ ತಂಗಬೇಕಾದರೆ ಒಟ್ಟಿಗೆ ತಲುಪಬೇಕು. ಒಟ್ಟಿಗೆ ತಲುಪಬೇಕಾದರೆ ಬಾಗಿಲಿಗೆ ಬರುವ ಮುಂಚೆಯೇ ಒಂದಾಗಬೇಕು. ಬೆಂಗಳೂರಿನ ಕಡೆಯಿಂದ ಸೇಲಂ, ತಿರುಚ್ಚಿ, ತಂಜಾವೂರು ದಾಟಿ ಹೋಗುವವರು ತಂಜಾವೂರಿನ ಬಳಿ ಒಂದು ಅಗಲವಾದ ಜಾಗವನ್ನು, ಒಂದು ಪೆಟ್ರೋಲ್ ಬಂಕನ್ನೋ ಹೋಟೆಲನ್ನೋ, ಮುಂಚೆಯೇ ಗುರುತಿಟ್ಟುಕೊಳ್ಳಲಿ. ಎಲ್ಲ ವಾಹನಗಳೂ ಅಲ್ಲಿ ಸೇರಿದ ಮೇಲೆ, ಜನರನ್ನು ಎಣಿಸಿ, ಒಂದರ ಹಿಂದೆ ಒಂದರಂತೆ ಹೊರಡಲಿ. ಎಲ್ಲಕ್ಕಿಂತ ನಿಧಾನದ ವಾಹನ ಮುಂದೆ ಇರಲಿ. ವೇಗದ ಕಾರು ಮುಂದಿದ್ದರೆ ಸಾಲು ಹರಿದುಹೋಗುತ್ತದೆ. ಹಿಂದೆ ಬಿದ್ದವರು ಹೆದರಿ ಓವರ್‌ಟೇಕ್ ಮಾಡಲು ಹೋಗುತ್ತಾರೆ. ಅಪಘಾತಕ್ಕೆ ಬೇರೆ ಕಾರಣ ಬೇಕಿಲ್ಲ. ನಡುವೆ ಯಾರಾದರೂ ತಪ್ಪಿಹೋದರೆ ಎಲ್ಲಿ, ಎಷ್ಟು ಗಂಟೆಗೆ ಸೇರಬೇಕೆಂಬುದನ್ನು ಹೊರಡುವ ದಿನವೇ ಚೀಟಿಯಲ್ಲಿ ಬರೆದು ಪ್ರತಿ ವಾಹನಕ್ಕೂ ಕೊಡಬೇಕು. ಫೋನನ್ನು ನಂಬಿ ಇದನ್ನು ಬಿಡಬಾರದು.

ಮೋಶೆಯ ಪಾಳೆಯ

ಸಂಖ್ಯಾಕಾಂಡವನ್ನು ಓದುವಾಗ ಹೆಸರು, ಎಣಿಕೆಗಳ ಪಟ್ಟಿಯೆಂದು ನಾವು ಪುಟ ತಿರುಗಿಸಿಬಿಡುತ್ತೇವೆ. ಒಂದು ಜನಾಂಗವೇ ಮರುಭೂಮಿಯಲ್ಲಿ ಒಟ್ಟಿಗೆ ತಂಗಿದ ಬಗೆ ಅಲ್ಲಿದೆ. ನಡುವೆ ದೇವದರ್ಶನದ ಗುಡಾರ. ಅದರ ಸುತ್ತ ಲೇವಿಯರು. ಆಚೆಗೆ ನಾಲ್ಕು ದಿಕ್ಕಿನಲ್ಲಿ ಮೂರು ಮೂರರಂತೆ 12 ಕುಲಗಳು. ಪೂರ್ವದಲ್ಲಿ ಯೆಹೂದ ಕುಲ, ದಕ್ಷಿಣದಲ್ಲಿ ರೂಬೇನ್, ಪಶ್ಚಿಮದಲ್ಲಿ ಎಫ್ರಯಿಮ್, ಉತ್ತರದಲ್ಲಿ ದಾನ್ ಮುಂದಾಳುಗಳು. ಪ್ರತಿಯೊಬ್ಬರೂ ತಮ್ಮ ತಮ್ಮ ಧ್ವಜದ ಬಳಿ ಇಳಿಯಬೇಕು. ಎರಡು ಬೆಳ್ಳಿಯ ತುತೂರಿಗಳು: ಎರಡನ್ನೂ ಊದಿದರೆ ಎಲ್ಲರೂ ಸೇರಬೇಕು, ಒಂದನ್ನೇ ಊದಿದರೆ ಮುಖಂಡರು ಮಾತ್ರ. ಹೊರಡುವಾಗಲೂ ಇಳಿದ ಕ್ರಮವೇ. ಯೆಹೂದ ಕುಲ ಎಲ್ಲಕ್ಕಿಂತ ಮೊದಲು. ದಾನ್ ಕುಲದ ದಂಡು ಕಟ್ಟಕಡೆಗೆ, ಇಡೀ ಪಾಳೆಯಕ್ಕೆ ಬೆಂಗಾವಲಾಗಿ.

ಇದರಲ್ಲಿ ನಮಗೆ ಬೇಕಾದುದೆಲ್ಲ ಇದೆ. ಧ್ವಜವೆಂದರೆ ದೂರದಿಂದ ಕಾಣುವ ಗುರುತು. ನಮ್ಮ ಗುಂಪೂ ಒಂದು ಉದ್ದನೆಯ ಕೋಲಿಗೆ ಬಣ್ಣದ ಬಟ್ಟೆ ಕಟ್ಟಿ ನಿಲ್ಲಿಸಲಿ. "ಆ ಕೆಂಪು ಬಸ್ಸಿನ ಪಕ್ಕ" ಎಂದು ಗುರುತು ಹೇಳಬೇಡಿ; ಬಸ್ಸು ಬೆಳಗಾಗುವಷ್ಟರಲ್ಲಿ ಹೊರಟುಹೋಗಿರುತ್ತದೆ. ತುತೂರಿಯೆಂದರೆ ಎಲ್ಲರಿಗೂ ಗೊತ್ತಿರುವ ಕರೆ. ಇಷ್ಟು ಹೊತ್ತಿಗೆ ಜಪಸರ, ಇಷ್ಟು ಹೊತ್ತಿಗೆ ಊಟ, ಆಗ ಎಲ್ಲರೂ ಹಾಜರಿರಬೇಕು, ಎಣಿಕೆ ಆಗಬೇಕು ಎಂಬ ಕಟ್ಟಳೆಯೇ ನಮ್ಮ ತುತೂರಿ. ದಾನ್ ಕುಲವೆಂದರೆ ಕೊನೆಯ ವಾಹನ. ದಾರಿ ಬಲ್ಲ ಹಿರಿಯರೊಬ್ಬರು, ಔಷಧಿಯ ಪೆಟ್ಟಿಗೆಯೊಂದಿಗೆ, ಅದರಲ್ಲಿರಲಿ. ಎಲ್ಲಿ ಯಾರು ನಿಂತರೂ ಅವರನ್ನು ದಾಟಿ ಅದು ಮುಂದೆ ಹೋಗಬಾರದು.

ಗುಡಾರ ಹಾಕುವಾಗಲೂ ನಡುವಿನ ಜಾಗ ಯಾರಿಗೆ ಎಂದು ಮೊದಲು ಕೇಳಿಕೊಳ್ಳೋಣ. ವೃದ್ಧರು, ಬಾಣಂತಿಯರು, ಮಕ್ಕಳು ನಡುವೆ, ಗಟ್ಟಿಮುಟ್ಟಾದವರು ಹೊರಸುತ್ತಿನಲ್ಲಿ. ಒಲೆ ಗುಡಾರಗಳಿಂದ ದೂರ, ಗಾಳಿ ಹೊಗೆಯನ್ನು ಆಚೆಗೆ ಒಯ್ಯುವ ಕಡೆ. ಗುಡಾರಗಳ ನಡುವೆ ಆಂಬುಲೆನ್ಸ್ ನುಗ್ಗುವಷ್ಟು ದಾರಿ ಬಿಟ್ಟಿರಬೇಕು. ಹಗ್ಗ, ಗೂಟಗಳಿಂದ ಆ ದಾರಿಯನ್ನು ಕಟ್ಟಬಾರದು.

ರಾತ್ರಿಯ ಎಚ್ಚರ

ಕೆಲವು ಮಾತುಗಳನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು, ಏಕೆಂದರೆ ಇವು ಪ್ರಾಣದ ಮಾತುಗಳು. ನಿಂತ ಬಸ್ಸಿನ ಕೆಳಗೆ ನೆರಳಿದೆ, ಮಳೆ ತಾಗುವುದಿಲ್ಲ ಎಂದು ಯಾರೂ ಮಲಗಬಾರದು. ನಡುರಾತ್ರಿ ಯಾರೋ ವಾಹನವನ್ನು ಹಿಂದಕ್ಕೆ ತೆಗೆದರೆ ಮಲಗಿದವರು ಡ್ರೈವರಿಗೆ ಕಾಣುವುದಿಲ್ಲ. ವಾಹನ ಹೊರಡಿಸುವ ಮುಂಚೆ ಒಬ್ಬರು ಟಾರ್ಚ್ ಹಿಡಿದು ಸುತ್ತ ಬಂದು, ಕೆಳಗೆ ಬಗ್ಗಿ ನೋಡಲೇಬೇಕು. ಎ.ಸಿ.ಗಾಗಿ ಎಂಜಿನ್ ಚಾಲೂ ಇಟ್ಟು ಕಿಟಕಿ ಮುಚ್ಚಿದ ಕಾರಿನೊಳಗೆ ನಿದ್ದೆ ಮಾಡಬಾರದು. ಮುಚ್ಚಿದ ಗುಡಾರದೊಳಗೆ ಕೆಂಡದ ಒಲೆ ಇಡಬಾರದು. ಇವುಗಳಿಂದ ಹೊರಡುವ ಕಾರ್ಬನ್ ಮೊನಾಕ್ಸೈಡ್ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮಲಗಿದವರನ್ನು ಎಬ್ಬಿಸದೆಯೇ ಕೊಂದುಬಿಡುತ್ತದೆ.

ಇನ್ನು ನಮ್ಮ ಡ್ರೈವರ್. ಅವರು ನಮ್ಮ ಧರ್ಮಕೇಂದ್ರದವರಲ್ಲದಿರಬಹುದು, ಬೇರೆ ಮತದವರಿರಬಹುದು. ರಾತ್ರಿಯಿಡೀ ಸ್ಟೀರಿಂಗ್ ಹಿಡಿದು ನಮ್ಮನ್ನು ತಂದವರು ಅವರೇ. ಹಿಂದಕ್ಕೆ ಒಯ್ಯಬೇಕಾದವರೂ ಅವರೇ. ನಾವು ತೇರು ನೋಡಿ, ಊಟ ಮಾಡಿ ನಿದ್ರಿಸುವಾಗ ಅವರಿಗೆ ಸೀಟಿನ ಮೇಲೆ ಮುದುಡಿ ಮಲಗುವ ಗತಿಯೇ? ಗುಂಪಿನಲ್ಲಿ ಎಲ್ಲಕ್ಕಿಂತ ಗದ್ದಲ ಕಡಿಮೆಯಿರುವ ಜಾಗದಲ್ಲಿ ಅವರಿಗೊಂದು ಚಾಪೆ ಹಾಸಿಕೊಡೋಣ. ಮೊದಲ ತಟ್ಟೆ ಅವರಿಗೆ ಬಡಿಸೋಣ. ಹಬ್ಬ ಮುಗಿದ ರಾತ್ರಿಯೇ ಹೊರಡಬೇಕೆಂದು ಅವರನ್ನು ಅವಸರಪಡಿಸುವುದು ಬೇಡ. ನಡುರಾತ್ರಿಯಿಂದ ಬೆಳಗಿನವರೆಗಿನ ಹೊತ್ತು ಕಣ್ಣು ತಾನಾಗಿ ಮುಚ್ಚುವ ಹೊತ್ತು.

ಕಡಲನ್ನೂ ಮರೆಯುವಂತಿಲ್ಲ. 2004ರ ಡಿಸೆಂಬರ್ 26ರ ಭಾನುವಾರ ಬೆಳಿಗ್ಗೆ ಸುನಾಮಿಯ ಅಲೆಗಳು ವೇಲಾಂಕಣಿಯ ತೀರಕ್ಕೆ ನುಗ್ಗಿದಾಗ ಕ್ರಿಸ್ತಜಯಂತಿಗೆಂದು ಬಂದಿದ್ದ ಯಾತ್ರಾರ್ಥಿಗಳಲ್ಲಿ ಅನೇಕರು ಪ್ರಾಣ ಕಳೆದುಕೊಂಡರು. ಅಂಥ ಘಳಿಗೆಯಲ್ಲಿ ಒಂದು ಗುಂಪಿನ ಮುಂದಿರುವ ಮೊದಲ ಪ್ರಶ್ನೆ: "ನಮ್ಮಲ್ಲಿ ಯಾರು ಇಲ್ಲ?" ಇದಕ್ಕೆ ಉತ್ತರ ಸಿಗಬೇಕಾದರೆ ಬಂದವರೆಲ್ಲರ ಹೆಸರು, ಊರು, ಮನೆಯ ಫೋನು ಬರೆದ ಪಟ್ಟಿ ಬೇಕು. ಒಂದು ಪ್ರತಿ ಗುಂಪಿನ ಹಿರಿಯರ ಬಳಿ, ಇನ್ನೊಂದು ಊರಿನಲ್ಲಿ ಧರ್ಮಗುರುಗಳ ಬಳಿ ಇರಲಿ. ಮಕ್ಕಳ ಜೇಬಿನಲ್ಲೂ ಒಂದು ಚೀಟಿ ಇರಲಿ.

ಹಾಸಿಟ್ಟ ಚಾಪೆ ಯಾರಿಗೆ?

ಇಷ್ಟೆಲ್ಲ ಸಿದ್ಧತೆಯ ನಡುವೆ ಒಂದು ಶೋಧನೆಯೂ ಇದೆ. "ನಮ್ಮವರು" ಎಂಬ ಮಾತು ಬೆಳೆದು ಗೋಡೆಯಾಗಬಹುದು. ಇನ್ನೂ ಬಾರದ ಹತ್ತು ಜನರಿಗೆಂದು ಇಪ್ಪತ್ತು ಚಾಪೆ ಹಾಸಿ, ಕಲ್ಲಿಟ್ಟು, ಕಾವಲು ಕೂರುತ್ತೇವೆ. ಪಕ್ಕದಲ್ಲೇ ಹಸುಗೂಸನ್ನು ಎತ್ತಿಕೊಂಡ ತಾಯಿಯೊಬ್ಬಳು, ಯಾವ ಗುಂಪಿಗೂ ಸೇರದವಳು, ನಿಂತೇ ಇರುತ್ತಾಳೆ. ಆ ತಾಯಿಯನ್ನು ನಿಲ್ಲಿಸಿ ನಾವು ಯಾವ ತಾಯಿಯ ಹಬ್ಬಕ್ಕೆ ಬಂದೆವು?

ಇಸ್ರಯೇಲರು ಪರ್ಣಕುಟೀರಗಳ ಹಬ್ಬದಲ್ಲಿ ಏಳು ದಿನ ಗುಡಿಸಲುಗಳಲ್ಲಿ ವಾಸಿಸುತ್ತಿದ್ದರು. ಆ ಸಂತೋಷದಲ್ಲಿ ಮಕ್ಕಳೊಂದಿಗೆ ಆಳುಗಳು, ಲೇವಿಯರು, ಪರದೇಶಿಗಳು, ಅನಾಥರು, ವಿಧವೆಯರೂ ಪಾಲುಗೊಳ್ಳಬೇಕೆಂದು ಧರ್ಮೋಪದೇಶಕಾಂಡ ವಿಧಿಸುತ್ತದೆ. ಪ್ರಭು ಯೇಸು 5,000 ಗಂಡಸರಿದ್ದ ಆ ಜನಸಮೂಹವನ್ನು ಹಸಿರು ಹುಲ್ಲಿನ ಮೇಲೆ ನೂರು, ಐವತ್ತರ ಪಂಕ್ತಿಗಳಾಗಿ ಕುಳ್ಳಿರಿಸಿದ್ದು ಒಂದು ಪಂಕ್ತಿ ಇನ್ನೊಂದನ್ನು ದೂರವಿಡಲೆಂದಲ್ಲ. ರೊಟ್ಟಿ ಕೊನೆಯವನಿಗೂ ತಲುಪಲೆಂದು. ಗುಂಪು ಕಟ್ಟುವುದರ ಅರ್ಥ ಇದೇ. ಬಂದಿರುವವರಿಗೆ ಬೇಕಾದಷ್ಟೇ ಜಾಗ ಹಿಡಿಯೋಣ. ಒಂದು ಚಾಪೆ ಹೆಚ್ಚಾಗಿ ಹಾಸಿದರೆ ಅದು ಅಪರಿಚಿತರಿಗಿರಲಿ.

ಒಬ್ಬಳಿಗಾಗಿ ಕಾದ ಪಾಳೆಯ

ಸಂಖ್ಯಾಕಾಂಡದ 12ನೆಯ ಅಧ್ಯಾಯದಲ್ಲಿ ಇನ್ನೊಂದು ಸಂಗತಿಯಿದೆ. ಮೋಶೆಯ ಅಕ್ಕ ಮಿರ್ಯಾಮ್ ತಮ್ಮನ ವಿರುದ್ಧ ಮಾತನಾಡಿ ಚರ್ಮರೋಗಕ್ಕೆ ಗುರಿಯಾದಳು. ಏಳು ದಿನ ಪಾಳೆಯದ ಹೊರಗಿರಬೇಕಾಯಿತು. ತಪ್ಪು ಅವಳದೇ. ಇಡೀ ಜನಾಂಗಕ್ಕೆ ಮುಂದೆ ಸಾಗುವ ಆತುರವಿತ್ತು. ವಾಗ್ದತ್ತ ನಾಡು ಮುಂದಿತ್ತು. ಆದರೂ ಮಿರ್ಯಾಮ್ ಮತ್ತೆ ಒಳಗೆ ಬರುವವರೆಗೆ ಜನರು ಗುಡಾರ ಕೀಳಲಿಲ್ಲ. ಒಬ್ಬ ಹೆಂಗಸಿಗಾಗಿ, ತಪ್ಪು ಮಾಡಿದ ಹೆಂಗಸಿಗಾಗಿ, ಅಷ್ಟು ದೊಡ್ಡ ಪಾಳೆಯ ಏಳು ದಿನ ಕಾಯಿತು.

ಸೆಪ್ಟೆಂಬರ್ 8ರಂದು ನಾವು ಯಾರ ಹುಟ್ಟುಹಬ್ಬವನ್ನು ಆಚರಿಸುತ್ತೇವೋ ಆ ತಾಯಿಯ ಹೆಸರೂ ಮಿರ್ಯಾಮ್ ಎಂಬುದೇ. ಮರಿಯ ಎಂಬುದು ಅದರ ಇನ್ನೊಂದು ರೂಪ. ಹಬ್ಬ ಮುಗಿಸಿ ಹೊರಡುವ ಬೆಳಿಗ್ಗೆ ನಮ್ಮಲ್ಲೂ ಒಬ್ಬರು ತಡಮಾಡುತ್ತಾರೆ. ಹೇಳಿದ ಮಾತು ಕೇಳದ ಹುಡುಗನೋ, ಮೇಣದಬತ್ತಿ ಹಚ್ಚಲು ಮತ್ತೊಮ್ಮೆ ಹೋದ ಅಜ್ಜಿಯೋ, ಕುಡಿದು ಎಲ್ಲೋ ಮಲಗಿದ ಅಣ್ಣನೋ. ಬಸ್ಸಿನಲ್ಲಿ ಗೊಣಗಾಟ ಏಳುತ್ತದೆ: "ಬಿಟ್ಟು ಹೋಗೋಣ, ತಾನೇ ಬರಲಿ." ಆ ಹೊತ್ತಿನಲ್ಲೇ ನಮ್ಮ ಯಾತ್ರೆಯ ಪರೀಕ್ಷೆ. ಒಟ್ಟಿಗೆ ಹೋಗಿದ್ದೇವೆಯೋ, ಒಂದೇ ಬಸ್ಸಿನಲ್ಲಿ ಹೋಗಿದ್ದೆವೋ ಎಂಬುದು ಆಗ ತಿಳಿಯುತ್ತದೆ.

ಆದ್ದರಿಂದ ಪ್ರಿಯರೇ, ಈ ಸಲ ಹೊರಡುವ ಮುಂಚೆ ಒಂದು ಸಂಜೆ ಎಲ್ಲ ಕುಟುಂಬಗಳೂ ದೇವಾಲಯದ ಅಂಗಳದಲ್ಲಿ ಕೂತು ಪಟ್ಟಿ ಬರೆಯೋಣ, ಸೇರುವ ಜಾಗ ಗೊತ್ತುಮಾಡೋಣ, ಕೊನೆಯ ವಾಹನದಲ್ಲಿ ಯಾರು ಎಂದು ತೀರ್ಮಾನಿಸೋಣ. ದಾರಿಯುದ್ದಕ್ಕೂ ನಮ್ಮ ನಡುವೆ ಪ್ರಭುವೇ ಗುಡಾರ ಹಾಕಿ ನೆಲೆಸಲಿ. ಮಗನನ್ನು ಮೂರು ದಿನ ಹುಡುಕಿದ ಆ ತಾಯಿ ನಮ್ಮಲ್ಲಿ ಒಬ್ಬರೂ ತಪ್ಪಿಹೋಗದಂತೆ ಪ್ರಾರ್ಥಿಸಲಿ. ಆಮೆನ್.