ಕಡಾಣಿಯ ಪಾಠ, ಕಿರುಬಗ್ಗಿಯ ಓಟ

ಚಾಮರಾಜನಗರ, ಗುಂಡ್ಲುಪೇಟೆ ತಾಲ್ಲೂಕುಗಳಲ್ಲಿ ಕೆಂಪು ನೆಲವೂ ಉಂಟು, ಕಪ್ಪು ನೆಲವೂ ಉಂಟು. ಈ ಸೀಮೆಯಲ್ಲಿ ತಲೆಮಾರುಗಳಿಂದ ಗಾಡಿ ಹೊಡೆದ ಹರವೆ ಹೋಬಳಿಯ ರೈತನಿಗೆ ಒಂದು ಮಾತನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ: ಎತ್ತು ಎಷ್ಟೇ ಬಲವಾಗಿರಲಿ, ಗಾಲಿ ಅಚ್ಚಿಗೆ ಒಪ್ಪದಿದ್ದರೆ, ಹೇರು ಸಮತೂಗದಿದ್ದರೆ, ಗಾಡಿ ಸಾಗದು. ಗುಂಬದ ರಂಧ್ರ ಕೊಂಚ ಕಿರಿದಾದರೆ ಗಾಲಿ ತಿರುಗದು. ಕೊಂಚ ಹಿರಿದಾದರೆ ಓಲಾಡುತ್ತದೆ. ಬೆರಳುದ್ದದ ಕಡಾಣಿ ಕಳಚಿತೆಂದರೆ ಇಡೀ ಗಾಡಿಯೇ ಮಗ್ಗುಲಾಗುತ್ತದೆ. ಭಾರವೆಲ್ಲ ಮುಂದಕ್ಕೆ ಬಿದ್ದರೆ ಎತ್ತಿನ ಹೆಗಲು ನೋಯುತ್ತದೆ. ಹಿಂದಕ್ಕೆ ಜಾರಿದರೆ ನೊಗ ಮೇಲೆದ್ದು ಕೊರಳನ್ನು ಬಿಗಿಯುತ್ತದೆ.

ಅನುಭವದಿಂದ ಬಂದ ಈ ತಿಳಿವಳಿಕೆಯನ್ನು ವಿದ್ವಾಂಸರೂ ಉಪೇಕ್ಷಿಸಲಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎಂ. ಆರ್. ರಾಘವನ್ ಮತ್ತು ಡಿ. ಎಲ್. ಪ್ರಸನ್ನ ರಾವ್ ಅವರು ಎರಡು ಗಾಲಿಯ ಎತ್ತಿನ ಗಾಡಿಯಲ್ಲಿ ಉಂಟಾಗುವ ಬಲಗಳನ್ನು ಗಣಿತದಿಂದಲೂ ಪ್ರಯೋಗದಿಂದಲೂ ಪರಿಶೀಲಿಸಿ 1979ರಲ್ಲಿ ಪ್ರಬಂಧಗಳನ್ನು ಪ್ರಕಟಿಸಿದರು.

ವಿನೋದವೆಂದರೆ, ಅದೇ 1979ರಲ್ಲಿ ಜಪಾನಿನ ತಮಿಯಾ ಸಂಸ್ಥೆ ‘ರಫ್ ರೈಡರ್’ ಎಂಬ ಪುಟ್ಟ ಗಾಡಿಯೊಂದನ್ನು ಮಾರುಕಟ್ಟೆಗೆ ತಂದಿತು. ಒಂದು ಮೊಳದಷ್ಟು ಉದ್ದ. ನಿಜವಾದ ವಾಹನದ ಹತ್ತನೆಯ ಒಂದು ಪಾಲು. ಬ್ಯಾಟರಿಯಿಂದ ಓಡುವ ಮೋಟಾರು, ದೂರದಲ್ಲಿ ನಿಂತವನ ಕೈಯಲ್ಲಿ ರೇಡಿಯೋ ಪೆಟ್ಟಿಗೆ. ಮಣ್ಣಿನ ಮೇಲೆ ಹಾರುತ್ತ ನೆಗೆಯುತ್ತ ಓಡುವ ಈ ಜಾತಿಯ ಗಾಡಿಗೆ ಬಗ್ಗಿ ಎಂದು ಹೆಸರು. 1984ರಲ್ಲಿ ಅಮೆರಿಕದ ಟೀಮ್ ಅಸೋಸಿಯೇಟೆಡ್ ಸಂಸ್ಥೆಯ ‘ಆರ್‌ಸಿ10’ ಬಂದಿತು. ಮರುವರ್ಷ ಕ್ಯಾಲಿಫೋರ್ನಿಯಾದ ಡೆಲ್ ಮಾರ್‌ನಲ್ಲಿ ಈ ಅಳತೆಯ ಬಗ್ಗಿಗಳ ಮೊದಲನೆಯ ವಿಶ್ವ ಪಂದ್ಯ ನಡೆದಾಗ, ಎರಡು ಚಕ್ರಗಳಿಗೆ ಮಾತ್ರ ಚಾಲನೆಯಿರುವ ವರ್ಗದಲ್ಲಿ ಗೆದ್ದದ್ದು ಅದೇ ಆರ್‌ಸಿ10. ಅಂದಿನಿಂದ ಈ ಆಟಿಕೆ ಆಟಿಕೆಯಾಗಿ ಉಳಿಯಲಿಲ್ಲ, ಒಂದು ವಿದ್ಯೆಯಾಯಿತು.

ಕಣ್ಣಿಗೆ ಒಂದೇ, ಅಳತೆಗೆ ಬೇರೆ

ಈ ವಿದ್ಯೆಯ ಮೊದಲ ಪಾಠ ಹೊಂದಿಕೆ. ಬಗ್ಗಿಯ ಬಿಡಿಭಾಗಗಳು ನಮ್ಮ ಸಣ್ಣ ಊರುಗಳ ಅಂಗಡಿಗಳಲ್ಲಿ ದೊರೆಯುವಂಥವಲ್ಲ, ದೂರದಿಂದ ತರಿಸಬೇಕು. ದಿನಗಟ್ಟಲೆ ಕಾದು ಪೊಟ್ಟಣ ಬಿಚ್ಚಿದ ತರುಣನ ಕೈಯಲ್ಲಿ ಅರ್ಧ ಮಿಲಿಮೀಟರು ತಪ್ಪಿದ ಭಾಗವೊಂದು ಉಳಿದರೆ, ಕೂಡಿಟ್ಟ ಹಣವೂ ಹೋಯಿತು, ಉತ್ಸಾಹವೂ ಹೋಯಿತು. ಆದ್ದರಿಂದ ಬೆಲೆ ಕೇಳುವ ಮುನ್ನ ಅಳತೆ ಕೇಳುವುದು ವಿವೇಕ.

ಚಕ್ರವನ್ನೇ ತೆಗೆದುಕೊಳ್ಳಿ. ಅಚ್ಚಿನ ತುದಿಯಲ್ಲಿ ಆರು ಮೂಲೆಯ ಒಂದು ಬಿಲ್ಲೆ ಇರುತ್ತದೆ. ಚಕ್ರದ ಒಳಗುಳಿ ಅದರ ಮೇಲೆ ಕೂಡಬೇಕು. ಹತ್ತನೆಯ ಒಂದು ಪಾಲಿನ ಇಂದಿನ ಬಗ್ಗಿಗಳಲ್ಲಿ ಇದರ ಅಗಲ ಸಾಮಾನ್ಯವಾಗಿ 12 ಮಿ.ಮೀ.; ಎಂಟನೆಯ ಒಂದು ಪಾಲಿನವುಗಳಲ್ಲಿ 17 ಮಿ.ಮೀ. ಮೋಟಾರಿನ ದಂಡವೂ ಹೀಗೆಯೇ: ಚಿಕ್ಕದರಲ್ಲಿ 3.17 ಮಿ.ಮೀ., ದೊಡ್ಡದರ ವಿದ್ಯುತ್ ಮೋಟಾರಿನಲ್ಲಿ 5 ಮಿ.ಮೀ. ಒಂದರ ಹಲ್ಲುಚಕ್ರ ಇನ್ನೊಂದಕ್ಕೆ ಒಪ್ಪದು.

ಹಲ್ಲುಚಕ್ರಗಳ ವಿಷಯ ಇನ್ನೂ ಸೂಕ್ಷ್ಮ. ವ್ಯಾಸದ ಒಂದು ಅಂಗುಲಕ್ಕೆ 48 ಹಲ್ಲುಗಳ ಲೆಕ್ಕದವು ಕೆಲವು. 64ರ ಲೆಕ್ಕದವು ಕೆಲವು. ಜಪಾನಿನ ಹಲವು ಗಾಡಿಗಳಲ್ಲಿ ಮೆಟ್ರಿಕ್ ಪದ್ಧತಿಯ 0.6 ಮಾಡ್ಯೂಲ್. ಇವುಗಳಲ್ಲಿ 48ರದೂ 0.6ರದೂ ಬರಿಗಣ್ಣಿಗೆ ಅವಳಿಜವಳಿಗಳಂತೆ ತೋರುತ್ತವೆ. ಆದರೆ ಜೋಡಿಸಿ ಓಡಿಸಿದರೆ ಕೆಲವು ಸುತ್ತುಗಳಲ್ಲಿಯೇ ಪ್ಲಾಸ್ಟಿಕ್ ಹಲ್ಲುಗಳು ಸವೆದು ಉದುರುತ್ತವೆ.

ಅಮೆರಿಕದ ಹಳೆಯ ಗಾಡಿಗಳು ಅಂಗುಲದ ಲೆಕ್ಕದವು, ಜಪಾನಿನವು ಮೆಟ್ರಿಕ್. ಒಂದಂಗುಲದ ಹದಿನಾರರಲ್ಲಿ ಮೂರು ಪಾಲೆಂದರೆ 4.76 ಮಿ.ಮೀ.; ಆ ಬೇರಿಂಗಿನೊಳಗೆ 5 ಮಿ.ಮೀ. ಅಚ್ಚು ತೂರದು. ಅಂಗುಲದ ಸ್ಕ್ರೂವನ್ನು 3 ಮಿ.ಮೀ. ಸ್ಕ್ರೂವಿನ ರಂಧ್ರಕ್ಕೆ ಬಲವಂತವಾಗಿ ತಿರುಗಿಸಿದರೆ ಮರೆಯಲ್ಲಿ ಹಾಳಾಗುವುದು ಒಳಗಿನ ತಿರುಪು. ಗಾಡಿಯ ಮುಂಗಾಲಿಗಳನ್ನು ತಿರುಗಿಸುವ ‘ಸರ್ವೋ’ ಎಂಬ ಸಣ್ಣ ಮೋಟಾರಿನ ತುದಿಯಲ್ಲಿ ಫುಟಾಬಾ ಕ್ರಮದಲ್ಲಿ 25 ಹಲ್ಲು, ಹೈಟೆಕ್ ಸಂಸ್ಥೆಯ ಕ್ರಮದಲ್ಲಿ 24, ಸಾನ್ವಾ ಮೊದಲಾದವುಗಳಲ್ಲಿ 23. ಒಂದು ಹಲ್ಲಿನ ಅಂತರ. ಆದರೆ ಒಂದರ ತೋಳು ಇನ್ನೊಂದಕ್ಕೆ ಕೂಡದು. ಒಂದು ಸಂಸ್ಥೆಯ ರೇಡಿಯೋ ಪೆಟ್ಟಿಗೆಯ ಮಾತು ಮತ್ತೊಂದು ಸಂಸ್ಥೆಯ ಗ್ರಾಹಕಕ್ಕೆ ಸಾಮಾನ್ಯವಾಗಿ ತಿಳಿಯದೆಂಬುದನ್ನೂ ಮರೆಯಬಾರದು.

ನೆಲ ನೋಡಿ ಹದ

ಎಲ್ಲ ಭಾಗಗಳೂ ಒಪ್ಪಿ ಕೂಡಿದರೆ ಗಾಡಿ ಓಡುತ್ತದೆ; ಗೆಲ್ಲಬೇಕಾದರೆ ಹದ ಬೇಕು. ಹದವನ್ನು ನಿಶ್ಚಯಿಸುವುದು ನೆಲ.

ಬೇಸಿಗೆಯಲ್ಲಿ ಪುಡಿಯಾಗಿ ಸಡಿಲವಾದ ಕೆಂಪು ಮಣ್ಣಿನ ಮೇಲೆ ಹಿಂದಿನ ಚಕ್ರಗಳು ಜಾರುತ್ತವೆ. ಅಲ್ಲಿ ಮೋಟಾರು ಹಿಂದಿನ ಅಚ್ಚಿನ ಆಚೆ ಇದ್ದರೆ ಅದರ ಭಾರ ಚಕ್ರಗಳನ್ನು ನೆಲಕ್ಕೆ ಒತ್ತುತ್ತದೆ. ಹಿಡಿತ ಚೆನ್ನಾಗಿರುವ ಗಟ್ಟಿ ಅಂಕಣದಲ್ಲಿ ಮೋಟಾರನ್ನು ಅಚ್ಚಿನ ಮುಂದೆ, ನಡುವಿಗೆ ತಂದ ಗಾಡಿಯೇ ತಿರುವಿನಲ್ಲಿ ಚುರುಕು. ಅನೇಕ ಆಧುನಿಕ ಬಗ್ಗಿಗಳು ಗಟ್ಟಿ ನೆಲಕ್ಕೆಂದೇ ಹೀಗೆ ರಚಿತವಾಗಿವೆ. ಹೇರನ್ನು ಅಚ್ಚಿನ ಹಿಂದಕ್ಕೂ ಮುಂದಕ್ಕೂ ಸರಿಸಿ ಸಮತೂಗಿಸುತ್ತಿದ್ದ ರೈತನಿಗೆ ಈ ತತ್ತ್ವ ಅಪರಿಚಿತವೇನಲ್ಲ.

ಟೈರುಗಳಲ್ಲಿಯೂ ಇದೇ ನ್ಯಾಯ. ಸಡಿಲ ಮಣ್ಣಿಗೆ ಉದ್ದನೆಯ ಮುಳ್ಳುಗಳು, ಬಿಗಿದ ನೆಲಕ್ಕೆ ಗಿಡ್ಡ ಮುಳ್ಳುಗಳು. ಮಳೆ ಬಿದ್ದ ಕಪ್ಪು ಮಣ್ಣಿನಲ್ಲಿ ಮುಳ್ಳುಗಳ ನಡುವೆ ಕೆಸರು ಮೆತ್ತಿ ಟೈರು ನುಣುಪಾಗುತ್ತದೆ. ವಿರಳವಾದ ಮುಳ್ಳುಗಳೇ ಅಲ್ಲಿ ಮೇಲು. ನೆಲ ಹಳ್ಳದಿಣ್ಣೆಯಾದರೆ ಗಾಡಿಯ ತಳವನ್ನು ಕೊಂಚ ಎತ್ತರಿಸಿ, ಸ್ಪ್ರಿಂಗನ್ನು ಮೃದುವಾಗಿಸಬೇಕು.

ಕುಲುಕನ್ನು ತಡೆಯುವ ನಳಿಗೆಗಳೊಳಗೆ ಸಿಲಿಕೋನ್ ಎಣ್ಣೆ ಇರುತ್ತದೆ. ಬಿಸಿಲೇರಿದಂತೆ ಎಣ್ಣೆ ತೆಳುವಾಗುತ್ತದೆ. ಮುಂಜಾನೆ ಸೊಗಸಾಗಿ ಓಡಿದ ಗಾಡಿ ನಡುಹಗಲಿನಲ್ಲಿ ಕುಣಿಯತೊಡಗುವುದಕ್ಕೆ ಇದೂ ಒಂದು ಕಾರಣ. ಒಂದು ಸಂಸ್ಥೆ ತನ್ನ ಸೀಸೆಯ ಮೇಲೆ 30 ಎಂದು ಬರೆದ ಎಣ್ಣೆಯೂ ಇನ್ನೊಂದರ 30ರ ಎಣ್ಣೆಯೂ ಸಮಾನವಾಗಿರಬೇಕೆಂದಿಲ್ಲ. ಸ್ನಿಗ್ಧತೆಯನ್ನು ಸೆಂಟಿಸ್ಟೋಕ್ ಮಾನದಲ್ಲಿ ಹೇಳಿರುವ ಸೀಸೆಯನ್ನೇ ನಂಬುವುದು ಕ್ಷೇಮ.

ವೇಗದ ಲೆಕ್ಕ ಪ್ರೌಢಶಾಲೆಯ ಹುಡುಗನೂ ಮಾಡಬಹುದಾದದ್ದು. ದೊಡ್ಡ ಹಲ್ಲುಚಕ್ರದಲ್ಲಿ 78 ಹಲ್ಲು, ಮೋಟಾರಿನ ಚಿಕ್ಕದರಲ್ಲಿ 26, ಭಾಗಿಸಿದರೆ 3. ಗಾಡಿಯೊಳಗಿನ ಗೇರುಪೆಟ್ಟಿಗೆಯ ಅನುಪಾತ 2.6 ಆಗಿದ್ದರೆ, ಗುಣಿಸಿ 7.8. ಮೋಟಾರು 7.8 ಸುತ್ತು ತಿರುಗಿದಾಗ ಚಕ್ರ ಒಂದು ಸುತ್ತು ತಿರುಗುತ್ತದೆಂದು ಅರ್ಥ. ಚಿಕ್ಕದನ್ನು 24 ಹಲ್ಲಿನದಕ್ಕೆ ಬದಲಿಸಿದರೆ 8.45; ತುದಿವೇಗ ಇಳಿಯುತ್ತದೆ, ಎಳೆತ ಏರುತ್ತದೆ. ಹಲ್ಲು ಹೆಚ್ಚಿಸುತ್ತ ಹೋದವನು ನೇರದಾರಿಯಲ್ಲಿ ಮುಂದೆ ಸಾಗಬಹುದು. ಮೋಟಾರು ಕಾದು ಸುಡುವ ಅಪಾಯವೂ ಅವನನ್ನು ಹಿಂಬಾಲಿಸುತ್ತದೆ.

ಮುಂದಿನಿಂದ ನೋಡಿದಾಗ ಚಕ್ರಗಳ ಮೇಲ್ತುದಿ ಒಂದೆರಡು ಡಿಗ್ರಿಯಷ್ಟು ಒಳಕ್ಕೆ ವಾಲಿರುವುದು ವಾಡಿಕೆ. ತಿರುವಿನಲ್ಲಿ ಗಾಡಿ ಹೊರಕ್ಕೆ ಬಾಗಿದಾಗ ಹೊರಬದಿಯ ಟೈರು ನೆಲಕ್ಕೆ ಸಮವಾಗಿ ಕೂಡಲೆಂದು ಈ ಏರ್ಪಾಡು. ಹಿಂದಿನ ಚಕ್ರಗಳ ಮುಂತುದಿಗಳನ್ನು ಸುಮಾರು ಮೂರು ಡಿಗ್ರಿ ಒಳಕ್ಕೆ ತಿರುಗಿಸಿದರೆ ಗಾಡಿ ನೇರದಾರಿಯಲ್ಲಿ ಸ್ಥಿರವಾಗಿ ಸಾಗುತ್ತದೆ.

ಒಂದು ಬದಲಾವಣೆ, ಒಂದು ಓಟ

ಆಯ್ಕೆಗಳು ಇಷ್ಟೊಂದಿರುವಾಗ ಹೊಸಬನು ದಿಕ್ಕು ತಪ್ಪುವುದು ಸಹಜ. ಸ್ಪ್ರಿಂಗು, ಎಣ್ಣೆ, ಟೈರು ಮೂರನ್ನೂ ಒಮ್ಮೆಲೇ ಬದಲಿಸಿದವನಿಗೆ ಗಾಡಿ ಸುಧಾರಿಸಿದರೂ ಏಕೆಂದು ತಿಳಿಯದು; ಕೆಟ್ಟರೂ ತಿಳಿಯದು. ಬಲ್ಲವರ ಕ್ರಮ ಬಹಳ ಸರಳ: ತಯಾರಕರು ಹೇಳಿದ ಹದದಿಂದ ಆರಂಭಿಸುವುದು, ಒಂದು ಸಲಕ್ಕೆ ಒಂದನ್ನೇ ಬದಲಿಸುವುದು, ಓಡಿಸಿ, ಸುತ್ತಿನ ಹೊತ್ತನ್ನು ನೆಲದ ಸ್ಥಿತಿಯೊಡನೆ ಪುಸ್ತಕದಲ್ಲಿ ಬರೆದಿಡುವುದು. ಕಾಲೇಜಿನ ಪ್ರಯೋಗಶಾಲೆಯಲ್ಲಿ ವಿದ್ಯಾರ್ಥಿಗಳು ಬೇಸರದಿಂದ ಹಿಡಿಯುವ ವರ್ನಿಯರ್ ಕ್ಯಾಲಿಪರ್ ಇಲ್ಲಿ ಪ್ರಾಣಮಿತ್ರನಾಗುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚೆಂಬ ಗಾದೆ ಹಣದ ಚೀಲಕ್ಕೆ ಹೇಗೋ ಹಾಗೆ ಹಲ್ಲುಚಕ್ರಕ್ಕೂ ಸಲ್ಲುತ್ತದೆ.

ಟ್ರಾಕ್ಟರು, ಲಾರಿಗಳು ಬಂದ ಮೇಲೆ ಗ್ರಾಮಗಳಲ್ಲಿ ಮರದ ಗಾಲಿ ಕಟ್ಟುವ ಬಡಗಿಗಳು ವಿರಳರಾದರು. ಅವರೊಡನೆ, ಒಂದು ವಸ್ತು ಮತ್ತೊಂದಕ್ಕೆ ಒಪ್ಪುವುದೋ ಇಲ್ಲವೋ ಎಂದು ಕೈಯಿಂದಲೇ ಅರಿಯುವ ಸಂಸ್ಕಾರವೂ ಮರೆಯಾಗುತ್ತಿದೆ. ಸಿದ್ಧವಸ್ತುಗಳನ್ನು ಕೊಂಡು, ಕೆಟ್ಟರೆ ಎಸೆಯುವ ಕಾಲದಲ್ಲಿ, ತಾನೇ ಬಿಚ್ಚಿ, ಅಳೆದು, ಜೋಡಿಸಿ, ತಪ್ಪನ್ನು ಹುಡುಕಿ ತಿದ್ದಬೇಕಾದ ವಸ್ತುವೊಂದು ತರುಣರ ಕೈಗೆ ಸಿಕ್ಕರೆ ಅದನ್ನು ಬರಿಯ ವಿಲಾಸವೆಂದು ತಳ್ಳಿಹಾಕುವುದು ನ್ಯಾಯವಲ್ಲ. ಊರಿನಲ್ಲಿ ಗಾಲಿ ಕಟ್ಟಬಲ್ಲ ಹಿರಿಯರೊಬ್ಬರು ಇನ್ನೂ ಇದ್ದರೆ, ಬಿಡಿಭಾಗ ತರಿಸುವ ಮುನ್ನ ಹುಡುಗರು ಅವರ ಜಗಲಿಯ ಮೇಲೆ ಒಂದು ಗಳಿಗೆ ಕುಳಿತು ಬರುವುದು ಒಳ್ಳೆಯದು.