ಕಿಟಕಿಯ ಹಿಂದಿನ ಯಜಮಾನ

ಕಂಪ್ಯೂಟರಿನ ಪರದೆಯ ಮೇಲೆ ತನ್ನದೇ ಆದ ಒಂದು ಕಿಟಕಿಯನ್ನು ಮೂಡಿಸಬೇಕೆಂದು ಹೊರಟ ವಿದ್ಯಾರ್ಥಿಗೆ ಮೊದಲ ದಿನ ಒದಗುವ ನಿರಾಶೆ ವಿಚಿತ್ರವಾದುದು. ಪೈಥಾನ್ ಭಾಷೆಯಲ್ಲಿ ಹತ್ತು ಹನ್ನೆರಡು ಸಾಲುಗಳನ್ನು ಬರೆದಾಗಿದೆ. ಕಿಟಕಿಯನ್ನು ಕಟ್ಟು, ಅದರೊಳಗೊಂದು ಗುಂಡಿಯನ್ನು ಕೂರಿಸು, ಎಲ್ಲವನ್ನೂ ಕಣ್ಣಿಗೆ ತೋರಿಸು ಎಂದು ಕ್ರಮವಾಗಿ ಅಪ್ಪಣೆ ಕೊಟ್ಟಾಗಿದೆ. ಪ್ರೋಗ್ರಾಮನ್ನು ನಡೆಸಿದರೆ ಪರದೆಯ ಮೇಲೆ ಏನೂ ಇಲ್ಲ. ತಪ್ಪಾಯಿತೆಂಬ ದೂರೂ ಇಲ್ಲ. ಯಂತ್ರವು ಅಪ್ಪಣೆಗಳನ್ನೆಲ್ಲ ಪಾಲಿಸಿ, ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಕೆಲಸ ಮುಗಿಯಿತೆಂದು ಎದ್ದುಹೋಗಿದೆ! ನಾವೂ ಒಂದು ಕಾಲದಲ್ಲಿ ಹೀಗೆ ಬರಿಯ ಪರದೆಯನ್ನು ನೋಡುತ್ತ ಕುಳಿತವರೇ. ಆದುದರಿಂದ ಆ ಕಿಟಕಿ ಎಲ್ಲಿಗೆ ಹೋಯಿತೆಂಬುದನ್ನು ವಾಚಕರಿಗೆ ಇಲ್ಲಿ ವಿವರಿಸಲು ಬಯಸುತ್ತೇವೆ.

ಮೊದಲು ಕಲಿಯುವ ಪ್ರೋಗ್ರಾಮುಗಳು ಸಾಮಾನ್ಯವಾಗಿ ಅಡುಗೆಯ ವಿಧಿಯಂತಿರುತ್ತವೆ. ಅಂಕಗಳನ್ನು ಓದು, ಕೂಡು, ಸರಾಸರಿಯನ್ನು ತೋರಿಸು, ನಿಲ್ಲು. ಮುಂದೇನೆಂಬುದನ್ನು ನಿರ್ಧರಿಸುವವರು ಅದನ್ನು ಬರೆದವರೇ. ಕಿಟಕಿಯ ಸಂಗತಿ ಹಾಗಲ್ಲ. ಅದರ ಮುಂದೆ ಕುಳಿತವರು ಗುಂಡಿಯನ್ನು ಈಗಲೇ ಒತ್ತಬಹುದು, ಅರ್ಧ ಗಂಟೆ ಬಿಟ್ಟು ಒತ್ತಬಹುದು, ಕಾಫಿ ಕುಡಿಯಲು ಎದ್ದುಹೋಗಿ ಒತ್ತದೆಯೇ ಇರಬಹುದು. ಆದಕಾರಣ ಇಂಥ ಪ್ರೋಗ್ರಾಮು ಅಂಗಡಿಯ ಯಜಮಾನನ ಸ್ವಭಾವವನ್ನು ಕಲಿಯಬೇಕಾಗುತ್ತದೆ. ಆತನು ಬೆಳಿಗ್ಗೆ ಬಾಗಿಲು ತೆರೆದು, ತಕ್ಕಡಿ, ತೂಕದ ಕಲ್ಲುಗಳನ್ನು ಅಣಿಮಾಡಿ, ಗಿರಾಕಿಗಾಗಿ ಕಾದು ಕುಳಿತುಕೊಳ್ಳುತ್ತಾನೆ. ಬೆಲ್ಲ ಕೇಳಿದವನಿಗೆ ಬೆಲ್ಲ, ಎಣ್ಣೆ ಕೇಳಿದವನಿಗೆ ಎಣ್ಣೆ. ಯಾರೂ ಬಾರದಿದ್ದರೆ ಸುಮ್ಮನಿರುವುದು. ಕಿಟಕಿಯ ಪ್ರೋಗ್ರಾಮಿನಲ್ಲಿ ಈ ಯಜಮಾನಿಕೆಯನ್ನು ವಹಿಸತಕ್ಕದ್ದೇ 'ಅಪ್ಲಿಕೇಷನ್' ಎಂಬ ಕ್ಲಾಸ್.

ಜಿಟಿಕೆ ಎಂಬ ಉಪಕರಣ ಸಂಗ್ರಹವನ್ನು ನಿದರ್ಶನಕ್ಕಾಗಿ ತೆಗೆದುಕೊಳ್ಳೋಣ. ಇದು ಹುಟ್ಟಿದುದೂ ವಿದ್ಯಾರ್ಥಿಗಳ ಕೈಯಲ್ಲಿಯೇ. ಅಮೆರಿಕದ ಬರ್ಕ್ಲಿಯಲ್ಲಿರುವ ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದಲ್ಲಿ ಓದುತ್ತಿದ್ದ ಸ್ಪೆನ್ಸರ್ ಕಿಂಬಾಲ್, ಪೀಟರ್ ಮ್ಯಾಟಿಸ್ ಎಂಬ ಇಬ್ಬರು 1995ರಲ್ಲಿ 'ಗಿಂಪ್' ಎಂಬ, ಚಿತ್ರಗಳನ್ನು ತಿದ್ದುವ ಪ್ರೋಗ್ರಾಮನ್ನು ಆರಂಭಿಸಿದರು. ಮೊದಲು ಮೋಟಿಫ್ ಎಂಬ, ಹಣ ತೆತ್ತು ಪಡೆಯಬೇಕಾಗಿದ್ದ ಸಂಗ್ರಹವನ್ನು ಬಳಸಿದರು. ಅನಂತರ ಅದನ್ನು ಬಿಟ್ಟು ಗುಂಡಿ, ಪಟ್ಟಿ, ಕಿಟಕಿಗಳನ್ನು ತಾವೇ ರಚಿಸಿಕೊಂಡರು. ಗಿಂಪ್‌ಗಾಗಿ ಹುಟ್ಟಿದ ಟೂಲ್‌ಕಿಟ್ ಆದುದರಿಂದ ಅದಕ್ಕೆ ಜಿಟಿಕೆ ಎಂದು ಹೆಸರಾಯಿತು. ಅಪ್ಲಿಕೇಷನ್ ಕ್ಲಾಸ್ ಅದರಲ್ಲಿ ಸೇರಿದುದು 2011ರಲ್ಲಿ ಹೊರಬಂದ 3.0 ಆವೃತ್ತಿಯಲ್ಲಿ. ಅದಕ್ಕೆ ಮುಂಚೆ, ಕಾಯುವ ಕೆಲಸವನ್ನು 'ಮೇನ್' ಎಂಬ ಕರೆಯಿಂದ ಪ್ರೋಗ್ರಾಮು ಬರೆಯುವವರು ತಾವೇ ಆರಂಭಿಸಿ ತಾವೇ ನಿಲ್ಲಿಸಬೇಕಾಗಿತ್ತು. 2020ರ ಡಿಸೆಂಬರಿನ 4.0 ಆವೃತ್ತಿಯಲ್ಲಿ ಆ ಕರೆಯನ್ನು ತೆಗೆದೇಹಾಕಿದರು. ಹಳೆಯ ಪಾಠಗಳನ್ನು ನೋಡಿ ನಕಲು ಮಾಡುವವರು ಇಂದಿಗೂ ಎಡವುವ ಕಲ್ಲುಗಳಲ್ಲಿ ಇದೊಂದು.

ನಾವು ಕಟ್ಟಬೇಕಾದ ಪ್ರೋಗ್ರಾಮು ಮಳೆಯ ಲೆಕ್ಕವನ್ನಿಡತಕ್ಕದ್ದು ಎಂದಿಟ್ಟುಕೊಳ್ಳೋಣ. ಕಾಲೇಜಿನ ಅಂಗಳದ ಮಳೆಮಾಪಕದಲ್ಲಿ ಪ್ರತಿದಿನ ಬೆಳಿಗ್ಗೆ ಕಂಡ ಮಿಲಿಮೀಟರುಗಳನ್ನು ಅದರಲ್ಲಿ ಬರೆದಿಡಬೇಕು. ಇದಕ್ಕಾಗಿ ಜಿಟಿಕೆಯ ಅಪ್ಲಿಕೇಷನ್ ಕ್ಲಾಸಿನಿಂದ ನಮ್ಮದೊಂದು ಕ್ಲಾಸನ್ನು ಪಡೆಯುತ್ತೇವೆ. ಕಾಯುವ ವಿದ್ಯೆಯೆಲ್ಲ ಪಿತ್ರಾರ್ಜಿತ ಆಸ್ತಿಯಂತೆ ತಾನಾಗಿಯೇ ಬರುತ್ತದೆ. ನಾವು ಹೇಳಬೇಕಾದುದು ಸ್ವಲ್ಪ: ನಿನ್ನ ಹೆಸರೇನು, ಬಾಗಿಲು ತೆರೆಯುವಾಗ ಏನು ಮಾಡಬೇಕು, ಯಾರಾದರೂ ಬಂದು ಕರೆದಾಗ ಏನು ಮಾಡಬೇಕು.

ಹೆಸರಿನ ವಿಷಯ ಮೇಲ್ನೋಟಕ್ಕೆ ಅಲಂಕಾರದಂತೆ ಕಾಣುವುದು. 'ಆರ್ಗ್', ಒಂದು ಚುಕ್ಕೆ, 'ಎಕ್ಸಾಂಪಲ್', ಇನ್ನೊಂದು ಚುಕ್ಕೆ, 'ಮಳೆಲೆಕ್ಕ' ಎಂಬಂತೆ, ಅಂತರ್ಜಾಲದ ವಿಳಾಸವನ್ನು ಹಿಂದುಮುಂದು ಮಾಡಿ ಅದನ್ನು ರಚಿಸುವುದು ರೂಢಿ. ಕಡಿಮೆಯೆಂದರೆ ಒಂದು ಚುಕ್ಕೆ ಇರಲೇಬೇಕು. ಯಾವ ಭಾಗವೂ ಅಂಕಿಯಿಂದ ಆರಂಭವಾಗಕೂಡದು. ಒಟ್ಟು ಉದ್ದ 255 ಅಕ್ಷರಗಳನ್ನು ಮೀರಕೂಡದು. ಇಷ್ಟೊಂದು ಕಟ್ಟಳೆ ಏತಕ್ಕೆ? ಸಂಜೆ ಒಬ್ಬರು ಮಳೆಯ ಲೆಕ್ಕವನ್ನು ತೆರೆದಿಟ್ಟು ಮರೆತಿದ್ದಾರೆ. ಮರುದಿನ ಅದೇ ಯಂತ್ರದಲ್ಲಿ ಇನ್ನೊಮ್ಮೆ ತೆರೆಯುತ್ತಾರೆ ಎನ್ನಿ. ಈಗ ಎರಡು ಪ್ರತಿಗಳು ಬೇರೆ ಬೇರೆಯಾಗಿ ನಡೆಯುತ್ತಿವೆ, ಒಂದೊಂದರಲ್ಲಿಯೂ ಒಂದೊಂದು ಲೆಕ್ಕ. ಹೊಸ ಪ್ರತಿಯಲ್ಲಿ ಇಂದಿನ 42 ಮಿಲಿಮೀಟರನ್ನು ಬರೆದು ಉಳಿಸುತ್ತಾರೆ. ಆಮೇಲೆ ಹಳೆಯ ಪ್ರತಿಯನ್ನು ಕಂಡು ಅದನ್ನೂ ಉಳಿಸಿ ಮುಚ್ಚುತ್ತಾರೆ. ಹಳೆಯ ಲೆಕ್ಕವು ಹೊಸದರ ಮೇಲೆ ಕುಳಿತು, ಇಂದಿನ ಮಳೆ ಬಿದ್ದೇ ಇಲ್ಲದಂತಾಯಿತು!

ಹೆಸರು ಈ ಅನಾಹುತವನ್ನು ತಡೆಯುತ್ತದೆ. ಲಿನಕ್ಸ್ ವ್ಯವಸ್ಥೆಯಲ್ಲಿ ಪ್ರೋಗ್ರಾಮುಗಳು ಒಂದರೊಡನೊಂದು ಮಾತನಾಡಲು ಡಿ-ಬಸ್ ಎಂಬ ಅಂಚೆ ಏರ್ಪಾಡಿದೆ. ಮೊದಲನೆಯ ಪ್ರತಿಯು ತನ್ನ ಹೆಸರನ್ನು ಅಲ್ಲಿ ದಾಖಲು ಮಾಡುತ್ತದೆ. ಎರಡನೆಯದು ಅದೇ ಹೆಸರಿನಿಂದ ಹೊರಟಾಗ, ಯಜಮಾನನು ಆಗಲೇ ಇದ್ದಾನೆಂದು ತಿಳಿದು, 'ನಿನ್ನನ್ನು ಯಾರೋ ಕರೆಯುತ್ತಿದ್ದಾರೆ' ಎಂಬ ಸಂದೇಶವನ್ನಷ್ಟೇ ಮೊದಲನೆಯದಕ್ಕೆ ತಲುಪಿಸಿ ತಾನು ಮರೆಯಾಗುತ್ತದೆ. ಇದಕ್ಕಾಗಿ ನಾವು ಒಂದು ಸಾಲನ್ನೂ ಬರೆಯಬೇಕಾಗಿಲ್ಲ.

ಈ ಕರೆಗೆ 'ಆಕ್ಟಿವೇಟ್' ಎಂದು ಹೆಸರು. ಬಾಗಿಲು ತೆರೆಯುವ ಕ್ರಿಯೆಗೆ 'ಸ್ಟಾರ್ಟಪ್' ಎನ್ನುತ್ತಾರೆ. ಇವೆರಡರ ಭೇದವನ್ನು ಮನಸ್ಸಿನಲ್ಲಿಟ್ಟುಕೊಂಡವರಿಗೆ ಅರ್ಧ ಕಷ್ಟ ಕಳೆದಂತೆ. ಸ್ಟಾರ್ಟಪ್ ನಡೆಯುವುದು ಒಂದೇ ಸಲ. ಕಡತವನ್ನು ಓದುವುದು, ಮೆನುವಿನ ಆಜ್ಞೆಗಳನ್ನು ಅಣಿಮಾಡುವುದು ಮೊದಲಾದ ತಕ್ಕಡಿ ಒರಸುವ ಕೆಲಸಗಳು ಅಲ್ಲಿರತಕ್ಕವು. ಆಕ್ಟಿವೇಟ್ ಮತ್ತೆ ಮತ್ತೆ ಬರಬಹುದು. ಆದುದರಿಂದ ಅಲ್ಲಿ ಕಣ್ಣು ಮುಚ್ಚಿಕೊಂಡು ಹೊಸ ಕಿಟಕಿಯನ್ನು ಕಟ್ಟಬಾರದು. ಕಿಟಕಿ ಈಗಾಗಲೇ ಇದೆಯೇ ಎಂದು ವಿಚಾರಿಸಿ, ಇದ್ದರೆ ಅದನ್ನೇ ಮುಂದೆ ತರಬೇಕು, ಇಲ್ಲದಿದ್ದರೆ ಮಾತ್ರ ಕಟ್ಟಬೇಕು. ಇನ್ನೊಂದು ಎಚ್ಚರಿಕೆ: ಸ್ಟಾರ್ಟಪ್ಪನ್ನು ನಮ್ಮ ಕ್ಲಾಸಿನಲ್ಲಿ ಬರೆದಾಗ ಅದರ ಮೊದಲ ಸಾಲಿನಲ್ಲಿಯೇ ತಂದೆ ಕ್ಲಾಸಿನ ಸ್ಟಾರ್ಟಪ್ಪನ್ನು ಕರೆಯತಕ್ಕದ್ದು. ಜಿಟಿಕೆ ತಾನು ಸಿದ್ಧವಾಗುವುದು ಅಲ್ಲಿಯೇ. ಹಿರಿಯರನ್ನು ಕರೆಯದೆ ಶುಭಕಾರ್ಯಕ್ಕೆ ಕೈಹಾಕಿದರೆ ಆಗುವ ರಂಪವೇ ಇಲ್ಲಿಯೂ ಆಗುವುದು.

ಈಗ ನಮ್ಮ ಮೊದಲ ದಿನದ ಕಿಟಕಿಗೆ ಬರೋಣ. ಯಜಮಾನನು ಎಷ್ಟು ಹೊತ್ತು ಕಾಯಬೇಕು? ಜಿಟಿಕೆಯ ಉತ್ತರ ಸರಳವಾಗಿದೆ: ತನ್ನ ಪಟ್ಟಿಯಲ್ಲಿ ಒಂದಾದರೂ ಕಿಟಕಿ ಇರುವ ತನಕ. ಕೊನೆಯ ಕಿಟಕಿ ಮುಚ್ಚಿದೊಡನೆ ಆತನು ಬೀಗ ಹಾಕಿ ನಡೆಯುತ್ತಾನೆ. ಕಿಟಕಿಯನ್ನು ಕಟ್ಟುವಾಗ 'ಇದು ಈ ಅಪ್ಲಿಕೇಷನ್ನಿಗೆ ಸೇರಿದ್ದು' ಎಂದು ಹೇಳಲು ಮರೆತರೆ ಪಟ್ಟಿ ಖಾಲಿಯಾಗಿಯೇ ಉಳಿಯುತ್ತದೆ. ಆಕ್ಟಿವೇಟ್ ಮುಗಿದ ಕೂಡಲೇ ಆತನು ಪಟ್ಟಿಯನ್ನು ನೋಡುತ್ತಾನೆ; ಯಾರೂ ಇಲ್ಲ; ಎದ್ದು ಹೊರಡುತ್ತಾನೆ. ನಮ್ಮ ಕಿಟಕಿ ಹೋದುದು ಅಲ್ಲಿಗೆ! ಒಂದೇ ಒಂದು ಪದದ ಲೋಪ, ಮತ್ತು ಅದು ವ್ಯಾಕರಣದ ತಪ್ಪಲ್ಲವಾದುದರಿಂದ ಯಂತ್ರವು ದೂರುವುದೂ ಇಲ್ಲ. ಕಿಟಕಿಯಿಲ್ಲದೆಯೂ ಕಾಯಬೇಕಾದ ಸಂದರ್ಭಗಳಿಗೆ 'ಹೋಲ್ಡ್' ಎಂಬ ಆಜ್ಞೆಯಿದೆ. 'ರಿಲೀಸ್' ಎಂದಾಗ ಬಿಡುಗಡೆ.

ಕಾಯುವುದೆಂದರೆ ಯಂತ್ರದ ಶಕ್ತಿಯೆಲ್ಲ ವ್ಯರ್ಥವಲ್ಲವೇ ಎಂದು ಕೆಲವರಿಗೆ ಸಂದೇಹ ಬರಬಹುದು. ವಸ್ತುತಃ ಹಾಗಿಲ್ಲ. 'ರನ್' ಎಂಬ ಅಪ್ಪಣೆಯಾದ ಮೇಲೆ ಪ್ರೋಗ್ರಾಮು ಒಂದು ಸುತ್ತಿನೊಳಗೆ ಸೇರುತ್ತದೆ. ಮಾಡುವ ಕೆಲಸವಿಲ್ಲದಾಗ, ಏನಾದರೂ ಬಂದರೆ ಎಬ್ಬಿಸು ಎಂದು ಕಾರ್ಯವ್ಯವಸ್ಥೆಗೆ ಹೇಳಿ ನಿದ್ರಿಸುತ್ತದೆ. ಮೌಸ್ ಚಲಿಸಿತು, ಕೀಲಿ ಒತ್ತಿತು, ಗಡಿಯಾರದ ಗಡುವು ತುಂಬಿತು: ಪ್ರತಿಯೊಂದೂ ಒಂದು ಘಟನೆ. ಎದ್ದು, ಆ ಘಟನೆಗೆ ನೇಮಿಸಿದ ಕಾರ್ಯವನ್ನು ಮಾಡಿ, ಮರಳಿ ನಿದ್ರೆ. ಆದರೆ ಯಜಮಾನನೊಬ್ಬನೇ ಎಂಬುದನ್ನು ಮರೆಯಬಾರದು. ಗುಂಡಿ ಒತ್ತಿದಾಗ ಮೂವತ್ತು ವರ್ಷಗಳ ಮಳೆಯ ಲೆಕ್ಕವನ್ನು ಹತ್ತು ಸೆಕೆಂಡು ಹಿಡಿಯುವಂತೆ ಹಾಕಲು ಹೇಳಿದರೆ, ಆ ಹತ್ತು ಸೆಕೆಂಡುಗಳಲ್ಲಿ ಕಿಟಕಿ ಕಲ್ಲಾಗುತ್ತದೆ. ಒತ್ತಿದ ಗುಂಡಿ ಒತ್ತಿದಂತೆಯೇ ನಿಲ್ಲುತ್ತದೆ. ಸಾಮಾನ್ಯ ಪರದೆಯು ಸೆಕೆಂಡಿಗೆ 60 ಸಲ ಹೊಸದಾಗಿ ಚಿತ್ರಿತವಾಗುವುದರಿಂದ, ಒಂದು ಘಟನೆಗೆ ಸಿಗುವ ಬಿಡುವು ಸುಮಾರು 16 ಮಿಲಿಸೆಕೆಂಡು ಮಾತ್ರ. ದೊಡ್ಡ ಕೆಲಸವನ್ನು ತುಂಡು ತುಂಡಾಗಿ ಮಾಡಬೇಕು, ಇಲ್ಲವೇ ಇನ್ನೊಂದು ಎಳೆಗೆ ಒಪ್ಪಿಸಬೇಕು. ಹಾಗೆ ಒಪ್ಪಿಸಿದರೂ ಕಿಟಕಿ ಗುಂಡಿಗಳನ್ನು ಮುಟ್ಟುವ ಅಧಿಕಾರ ಮುಖ್ಯ ಎಳೆಗೆ ಮಾತ್ರ ಉಂಟು.

ಬಾಗಿಲು ಮುಚ್ಚುವ ಗಳಿಗೆಗೂ 'ಶಟ್‌ಡೌನ್' ಎಂಬ ಒಂದು ಸ್ಥಳವಿದೆ. ಲೆಕ್ಕವನ್ನೆಲ್ಲ ಅಲ್ಲಿಯೇ ಒಟ್ಟಿಗೆ ಉಳಿಸಿಬಿಡೋಣವೆಂಬ ಆಸೆ ಅನೇಕರಿಗೆ ಹುಟ್ಟುವುದುಂಟು. ನಡುವೆ ವಿದ್ಯುತ್ತು ಹೋದರೆ ಶಟ್‌ಡೌನಿಗೆ ಅವಕಾಶವೇ ಸಿಗದು. ಮಳೆಗಾಲದಲ್ಲಿ ವಿದ್ಯುತ್ತು ಹೋಗುವುದೇನು ಅಪರೂಪವೇ! ಪ್ರತಿದಿನದ ಅಂಕಿಯನ್ನು ಗುಂಡಿ ಒತ್ತಿದ ಕ್ಷಣದಲ್ಲಿಯೇ ಡಿಸ್ಕಿಗೆ ಬರೆಯತಕ್ಕದ್ದು. ಕೊನೆಯ ಸಲ ಯಾವ ತಿಂಗಳ ಪುಟವನ್ನು ನೋಡುತ್ತಿದ್ದೆವೆಂಬಂಥ, ಹೋದರೂ ನಷ್ಟವಿಲ್ಲದ ಸಂಗತಿಗಳನ್ನು ಶಟ್‌ಡೌನಿಗೆ ಬಿಡಬಹುದು.